ಡಿಎನ್‌ಎ ಹೊಂದಿತು ಅಂದ ಮೇಲೂ ಚರ್ಚೆ ಮಾಡಲು ಏನಿದೆ?

ಪ್ರಶ್ನೆ: ನಾನು ಹಾಸನದ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಫೊರೆನ್ಸಿಕ್ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಡಿಎನ್‌ಎ ಮೂಲಕ ಮನುಷ್ಯರ ಗುರುತು ಹಚ್ಚುವ ಬಗ್ಗೆ ಹೊರದೇಶದಲ್ಲಿ ನಡೆಯುವ ಒಂದು ವಿಜ್ಞಾನ ಸಮ್ಮೇಳನಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾಳೆ. ಖರ್ಚು ಲಕ್ಷಗಳಲ್ಲಿದೆ. ಡಿಎನ್‌ಎ ಅಂದರೆ ನೂರಕ್ಕೆ ನೂರು, ಅದರ ಮೇಲೆ ಮಾತಿಲ್ಲ ಅಂತ ಪೇಪರಿನಲ್ಲಿ ಓದುತ್ತೇವೆ. ಹಾಗಿದ್ದರೆ ಅಷ್ಟೊಂದು ವಿಜ್ಞಾನಿಗಳು ಸೇರಿ ಚರ್ಚೆ ಮಾಡುವುದಾದರೂ ಏನನ್ನು? ಅವಳನ್ನು ಕಳಿಸಬೇಕಾ?

ಉತ್ತರ: ಮೇಷ್ಟ್ರೇ, ಕಳಿಸಿ. ಆದರೆ ಒಂದು ಶರತ್ತು ಹಾಕಿ. ಸುಮ್ನೆ ಕೂತು ಕೇಳಿಕೊಂಡು ಬರಲು ಅಷ್ಟು ದೂರ ಹೋಗುವುದು ಬೇಡ, ತನ್ನದೇ ಒಂದು ಕೆಲಸ ಹಿಡಿದುಕೊಂಡು ಹೋಗಲಿ. ಅದು ಎಂಥ ಕೆಲಸ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ‘ನೂರಕ್ಕೆ ನೂರು’ ವಿಚಾರ ಬಗೆಹರಿಯಬೇಕು. ಯಾಕೆಂದರೆ ಅಲ್ಲಿ ನಡೆಯುವ ಚರ್ಚೆಯೆಲ್ಲ ಅದರ ಸುತ್ತಲೇ ಇದೆ.

ನಾನು ಡಿಎನ್‌ಎ ವಿಭಾಗದಲ್ಲಿ ಕೂತು ವರದಿ ಬರೆದವನು. ಕೋರ್ಟಿನಲ್ಲಿ ನಿಂತು ಆ ವರದಿಗೆ ಸಾಕ್ಷಿ ಹೇಳಿದವನು. ‘ಈ ರಕ್ತ ಇವನದೇ, ನೂರಕ್ಕೆ ನೂರು’ ಎಂದು ಬರೆಯುವ ಹಾಗಿಲ್ಲ. ಯಂತ್ರದಿಂದ ಬರುವುದು ಒಂದು ಪ್ರೊಫೈಲ್, ಅಂದರೆ ಒಂದು ಸಾಲು ಸಂಖ್ಯೆಗಳು. ಅದನ್ನು ನೋಡಿ ಎಷ್ಟು ಹೇಳಬಹುದು, ಎಲ್ಲಿಗೆ ಮಾತು ನಿಲ್ಲಿಸಬೇಕು ಎನ್ನುವುದು ನಮ್ಮ ತಲೆನೋವು. ಯಂತ್ರಗಳು ವರ್ಷದಿಂದ ವರ್ಷಕ್ಕೆ ಚುರುಕಾಗಿವೆ. ಅವು ಚುರುಕಾದಷ್ಟೂ ಈ ತಲೆನೋವು ಜಾಸ್ತಿಯಾಗಿದೆ.

ಅದು ಹೇಗೆ ಅಂತ ನೋಡಿ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕು ಅಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಇವಕ್ಕೆ ಎಸ್‌ಟಿಆರ್ ಅನ್ನುತ್ತಾರೆ. ಪ್ರತಿ ಜಾಗಕ್ಕೂ ನಮ್ಮಲ್ಲಿ ಎರಡು ಸಂಖ್ಯೆ ಇರುತ್ತವೆ, ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅಮ್ಮನಿಂದ. ಟಿಎಚ್01 ಎಂಬ ಜಾಗದಲ್ಲಿ ಒಬ್ಬರಿಗೆ 6 ಮತ್ತು 9 ಇದ್ದರೆ ಇನ್ನೊಬ್ಬರಿಗೆ 7 ಮತ್ತು 9.3 ಇರಬಹುದು. ಅಮೆರಿಕದ ಪೊಲೀಸ್ ಡೇಟಾಬೇಸ್ ಮೊದಲು ಇಂಥ 13 ಜಾಗಗಳನ್ನು ನೋಡುತ್ತಿತ್ತು, 2017ರಿಂದ 20 ಜಾಗ ನೋಡುತ್ತಿದೆ. ಒಬ್ಬನೇ ಮನುಷ್ಯನ ಚೆನ್ನಾದ ರಕ್ತದ ಕಲೆ ಸಿಕ್ಕಿ, ಇಪ್ಪತ್ತೂ ಜಾಗಗಳ ಸಂಖ್ಯೆ ಹೊಂದಿದರೆ, ರಕ್ತಸಂಬಂಧ ಇಲ್ಲದ ಇನ್ನೊಬ್ಬನಲ್ಲಿ ಅದೇ ಪ್ರೊಫೈಲ್ ಇರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ತದ್ರೂಪಿ ಅವಳಿಗಳ ಮಾತು ಬೇರೆ. ಇಂಥ ಕೇಸುಗಳಲ್ಲಿ ತಕರಾರು ಹುಟ್ಟುವುದೇ ಕಮ್ಮಿ. ಪೇಪರಿನವರು ನೂರಕ್ಕೆ ನೂರು ಅನ್ನುವುದು ಇವನ್ನು ನೋಡಿಯೇ.

ಆದರೆ ಲ್ಯಾಬಿಗೆ ಬರುವುದೆಲ್ಲ ಚೆನ್ನಾದ ರಕ್ತದ ಕಲೆಯಲ್ಲ. ಚಾಕುವಿನ ಹಿಡಿ ಬರುತ್ತದೆ, ಬಾಗಿಲ ಚಿಲಕ ಒರೆಸಿದ ಹತ್ತಿ ಬರುತ್ತದೆ, ಹರಿದ ಅಂಗಿಯ ಕಾಲರ್ ಬರುತ್ತದೆ. ಅವನ್ನು ಮೂರು ನಾಲ್ಕು ಜನ ಮುಟ್ಟಿರುತ್ತಾರೆ. ಮೊದಲೆಲ್ಲ ಅಷ್ಟು ಸಣ್ಣ ಸ್ಯಾಂಪಲ್‌ನಿಂದ ಏನೂ ಬರುತ್ತಿರಲಿಲ್ಲ. ಒಂದು ಜೀವಕೋಶದಲ್ಲಿ ಇರುವ ಡಿಎನ್‌ಎ ಸುಮಾರು 6.6 ಪಿಕೊಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಆರೇಳು ಭಾಗ. ಈಗಿನ ಕಿಟ್‌ಗಳು ಹತ್ತಿಪ್ಪತ್ತು ಕೋಶಗಳಿಂದಲೂ ಏನಾದರೊಂದು ಓದಿ ತೋರಿಸುತ್ತವೆ. ಆ ‘ಏನಾದರೊಂದು’ ಏನು ಅನ್ನುವುದೇ ಸಮಸ್ಯೆ.

ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಡಿ8ಎಸ್1179 ಅಂತ ಅದರ ಹೆಸರು. ಕಂಪ್ಯೂಟರ್ ಪರದೆಯ ಮೇಲೆ ಪೀಕ್‌ಗಳು, ಅಂದರೆ ಚೂಪು ಶಿಖರದಂಥ ಗೆರೆಗಳು ಏಳುತ್ತವೆ. 13ರ ಜಾಗದಲ್ಲಿ 1500 ಎತ್ತರದ ಪೀಕ್, 15ರಲ್ಲಿ 1400, 12ರಲ್ಲಿ ಒಂದು ಚಿಕ್ಕದು, ಎತ್ತರ 130. ಈ 12 ಏನು? ಡಿಎನ್‌ಎ ನಕಲು ಮಾಡುವಾಗ ರಾಸಾಯನಿಕ ಕ್ರಿಯೆ ಆಗಾಗ ಒಂದು ತುಣುಕು ಬಿಟ್ಟುಬಿಡುತ್ತದೆ. ಆಗ ನಿಜವಾದ ಪೀಕ್‌ಗಿಂತ ಒಂದು ಹೆಜ್ಜೆ ಹಿಂದೆ ಅದರ ನೆರಳಿನಂಥ ಪೀಕ್ ಬರುತ್ತದೆ. ನಾವು ಅದಕ್ಕೆ ಸ್ಟಟರ್ ಅನ್ನುತ್ತೇವೆ. 1500ಕ್ಕೆ 130 ಅಂದರೆ ಶೇಕಡ 9ರ ಹತ್ತಿರ, ಸ್ಟಟರ್ ಇರಬಹುದು. ಅಥವಾ ಆ ಹಿಡಿಯನ್ನು ಮುಟ್ಟಿದ ಎರಡನೆಯವನ 12 ಇರಬಹುದು. ಹಾಗಿದ್ದರೆ ಅವನ ಇನ್ನೊಂದು ಸಂಖ್ಯೆ ಎಲ್ಲಿ? 13ರ ಅಡಿಯಲ್ಲೋ 15ರ ಅಡಿಯಲ್ಲೋ ಮುಚ್ಚಿಹೋಗಿರಬಹುದು. ಸ್ಯಾಂಪಲ್ ತೀರಾ ಸಣ್ಣದಾದ್ದರಿಂದ ಬಾರದೇ ಹೋಗಿರಲೂಬಹುದು.

ಈಗ ಪೊಲೀಸರು ಹಿಡಿದ ಆರೋಪಿಯ ಪ್ರೊಫೈಲ್ ನಿಮ್ಮ ಮೇಜಿನ ಮೇಲೆ ಮೊದಲೇ ಇದೆ ಅಂದುಕೊಳ್ಳಿ. ಅವನಿಗೆ 12 ಮತ್ತು 13. ‘ಸರಿ, 12 ಇವನದು, 13 ಅಡಿಯಲ್ಲಿ ಸೇರಿದೆ’ ಅಂತ ಮನಸ್ಸು ಹೇಳುತ್ತದೆ. ಅವನಿಗೆ 12 ಮತ್ತು 14 ಇದ್ದಿದ್ದರೆ? ‘14 ಬಿದ್ದುಹೋಗಿದೆ’ ಅನ್ನುತ್ತದೆ. 13 ಮತ್ತು 15 ಇದ್ದಿದ್ದರೆ? ‘12 ಬರೀ ಸ್ಟಟರ್’ ಅನ್ನುತ್ತದೆ. ಮೂರು ಬೇರೆ ಬೇರೆ ಮನುಷ್ಯರು, ಮೂವರೂ ಹೊಂದಿಬಿಟ್ಟರು! ಇದರಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಒಳ್ಳೆಯ, ಪ್ರಾಮಾಣಿಕ ವಿಜ್ಞಾನಿಯೇ ಹೀಗೆ ಜಾರುತ್ತಾನೆ. ಅದಕ್ಕೇ ಮೊದಲು ಸ್ಥಳದ ಸ್ಯಾಂಪಲ್ ಓದಿ ಬರೆದಿಟ್ಟು, ಆಮೇಲೆ ಆರೋಪಿಯ ಪ್ರೊಫೈಲ್ ತೆರೆಯಬೇಕು ಎನ್ನುವುದನ್ನು ನಾನು ಕಿರಿಯರಿಗೆ ಗಟ್ಟಿಯಾಗಿ ಹೇಳುತ್ತೇನೆ.

ಇದು ನನ್ನೊಬ್ಬನ ಅನುಮಾನ ಅಲ್ಲ. 2011ರಲ್ಲಿ ಇತಿಯೆಲ್ ಡ್ರೋರ್ ಮತ್ತು ಗ್ರೆಗ್ ಹ್ಯಾಂಪಿಕಿಯನ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ ಜಾರ್ಜಿಯಾದಲ್ಲಿ ಒಂದು ಅತ್ಯಾಚಾರದ ಕೇಸು ನಡೆದಿತ್ತು. ಬೆರಕೆ ಸ್ಯಾಂಪಲ್‌ನಲ್ಲಿ ಒಬ್ಬ ಆರೋಪಿಯನ್ನು ‘ಹೊರಗಿಡಲು ಆಗುವುದಿಲ್ಲ’ ಎಂದು ಲ್ಯಾಬ್ ಹೇಳಿತ್ತು. ಅದೇ ಡೇಟಾವನ್ನು ಕೇಸಿನ ಕಥೆ ಹೇಳದೆ 17 ಪರಿಣತರಿಗೆ ಕೊಟ್ಟರು. 12 ಜನ ‘ಇವನು ಇದರಲ್ಲಿ ಇಲ್ಲ’ ಅಂದರು. ನಾಲ್ವರು ‘ಹೇಳಲಾಗದು’ ಅಂದರು. ಮೊದಲಿನ ಲ್ಯಾಬಿನ ಮಾತಿಗೆ ಒಪ್ಪಿದವರು ಒಬ್ಬರೇ. ಆಮೇಲೆ ಅಮೆರಿಕದಲ್ಲಿ ಅಳತೆ, ಮಾನದಂಡಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2013ರಲ್ಲಿ 108 ಲ್ಯಾಬ್‌ಗಳಿಗೆ ಒಂದೇ ಥರದ ಲೆಕ್ಕಗಳನ್ನು ಕೊಟ್ಟಿತು. ಅದರಲ್ಲಿ ನಾಲ್ಕು ಜನರ ಒಂದು ಬೆರಕೆ ಇತ್ತು. ನೋಡಲು ಕಡಿಮೆ ಜನರದ್ದು ಅನ್ನಿಸುವ ಹಾಗೆ ಅದನ್ನು ಬೇಕೆಂದೇ ಮಾಡಿದ್ದರು. ಅದರಲ್ಲಿ ಇಲ್ಲವೇ ಇಲ್ಲದ ಒಬ್ಬನನ್ನು ಬಹುಪಾಲು ಲ್ಯಾಬ್‌ಗಳು ‘ಇರಬಹುದು’ ಎಂದು ಒಳಗೆ ಸೇರಿಸಿದವು.

ಇಂಥ ಫಲಿತಾಂಶಗಳು ಮೊದಲು ಜನರ ಎದುರಿಗೆ ಬರುವುದು ಸಮ್ಮೇಳನಗಳಲ್ಲೇ. ವೇದಿಕೆಯ ಮೇಲೆ ಸ್ಲೈಡ್ ಬಂದಾಗ ಕೆಳಗೆ ಕೂತವರಲ್ಲಿ ಆ ಪರೀಕ್ಷೆ ಬರೆದ ಲ್ಯಾಬಿನವರೂ ಇರುತ್ತಾರೆ. ಪ್ರಶ್ನೋತ್ತರ ಬಿಸಿಯಾಗುತ್ತದೆ. ಬೆರಕೆ ಸ್ಯಾಂಪಲ್‌ಗಳಿಗೆ ಈಗ ಎಸ್‌ಟಿಆರ್‌ಮಿಕ್ಸ್, ಟ್ರೂಅಲೀಲ್, ಯೂರೋಫಾರ್‌ಮಿಕ್ಸ್ ಥರದ ಸಾಫ್ಟ್‌ವೇರ್ ಬಳಸುತ್ತಾರೆ. ಪೀಕ್‌ನ ಎತ್ತರ, ಸ್ಟಟರ್, ಬಿದ್ದುಹೋಗುವ ಸಾಧ್ಯತೆ ಎಲ್ಲವನ್ನೂ ಅವು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕಣ್ಣಂದಾಜಿಗಿಂತ ಖಂಡಿತ ಮೇಲು. ಆದರೆ ಎಷ್ಟು ಜನರ ಬೆರಕೆ ಅಂತ ಸಾಮಾನ್ಯವಾಗಿ ಮನುಷ್ಯನೇ ಹೇಳಬೇಕು. ಒಂದೇ ಬೆರಕೆಗೆ ಎರಡು ಸಾಫ್ಟ್‌ವೇರ್ ಬೇರೆ ಬೇರೆ ಉತ್ತರ ಕೊಟ್ಟ ಉದಾಹರಣೆಯೂ ಇದೆ. 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಈ ಬಗ್ಗೆ ವರದಿ ಕೊಟ್ಟಿತು. ಒಬ್ಬರ ಅಥವಾ ಇಬ್ಬರ ಸರಳ ಸ್ಯಾಂಪಲ್‌ಗಳ ವಿಧಾನ ಗಟ್ಟಿಯಾಗಿದೆ, ಜಾಸ್ತಿ ಜನರ ಬೆರಕೆಯಲ್ಲಿ ಇನ್ನೂ ಪುರಾವೆ ಬೇಕು ಎಂದಿತು. ಆ ವರದಿಯನ್ನು ಒಪ್ಪಿದವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ನಾನು ಒಪ್ಪುವವರ ಕಡೆ.

ಸಮ್ಮೇಳನದಿಂದ ನಿಜಕ್ಕೂ ಏನಾದರೂ ಆಗುತ್ತದಾ ಅಂತ ನೀವು ಕೇಳಬಹುದು. ಕ್ಯಾಸ್ಟ್ರೊ ಕೇಸಿನ ಕಥೆ ಕೇಳಿ. 1987, ನ್ಯೂಯಾರ್ಕಿನ ಬ್ರಾಂಕ್ಸ್. ಒಬ್ಬ ಗರ್ಭಿಣಿ ಮತ್ತು ಅವರ ಎರಡು ವರ್ಷದ ಮಗಳ ಕೊಲೆಯಾಯಿತು. ಆರೋಪಿ ಕ್ಯಾಸ್ಟ್ರೊನ ಕೈಗಡಿಯಾರದ ಮೇಲೆ ಒಂದು ಸಣ್ಣ ರಕ್ತದ ಕಲೆ ಇತ್ತು. ಖಾಸಗಿ ಲ್ಯಾಬೊಂದು ಅದು ಆ ತಾಯಿಯ ರಕ್ತಕ್ಕೆ ಹೊಂದುತ್ತದೆ, ಇಂಥ ಹೊಂದಿಕೆ ಕೋಟಿಗಟ್ಟಲೆ ಜನರಲ್ಲಿ ಒಬ್ಬರಿಗೆ ಸಿಗುವಂಥದ್ದು ಎಂದಿತು. ಆಗ ಎಸ್‌ಟಿಆರ್ ಬಳಕೆಗೆ ಬಂದಿರಲಿಲ್ಲ. ಎಕ್ಸ್‌ರೇ ಫಿಲ್ಮಿನ ಮೇಲೆ ಗೆರೆ ಮೂಡಿಸಿ ಓದುತ್ತಿದ್ದರು. 1988ರ ಕೊನೆಗೆ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಡಿಎನ್‌ಎ ಮತ್ತು ಅಪರಾಧ ತನಿಖೆ ಬಗ್ಗೆ ಒಂದು ಸಣ್ಣ ಸಮ್ಮೇಳನ ನಡೆಯಿತು. ಎರಿಕ್ ಲ್ಯಾಂಡರ್ ಅಲ್ಲಿಗೆ ಬಂದಿದ್ದರು. ಗಣಿತದಿಂದ ತಳಿವಿಜ್ಞಾನಕ್ಕೆ ಬಂದವರು ಅವರು. ಆರೋಪಿ ಕಡೆಯ ವಕೀಲ ಪೀಟರ್ ನ್ಯೂಫೆಲ್ಡ್ ಕೇಸಿನ ಡೇಟಾವನ್ನು ಅವರಿಗೆ ತೋರಿಸಿದರು. ಲ್ಯಾಂಡರ್‌ಗೆ ನಂಬಲಾಗಲಿಲ್ಲ. ಒಂದು ಪರೀಕ್ಷೆಯಲ್ಲಿ ತಾಯಿಯ ರಕ್ತದ ಕಡೆ ಮೂರು ಗೆರೆ ಇದ್ದವು. ಗಡಿಯಾರದ ಕಲೆಯ ಕಡೆ ಆ ಮೂರರ ಜೊತೆ ಇನ್ನೆರಡು ಗೆರೆ ಇದ್ದವು. ಲ್ಯಾಬ್ ಆ ಎರಡನ್ನೂ ಮಾಲಿನ್ಯ ಎಂದು ಬದಿಗಿಟ್ಟು ‘ಹೊಂದುತ್ತದೆ’ ಅಂದಿತ್ತು.

ಆಮೇಲೆ ಆದದ್ದು ಅಪರೂಪದ ಘಟನೆ. 1989ರಲ್ಲಿ ಎರಡೂ ಕಡೆಯ ವಿಜ್ಞಾನಿಗಳು ವಕೀಲರನ್ನು ಬಿಟ್ಟು ತಾವೇ ಒಂದೆಡೆ ಸೇರಿದರು. ಈ ಡೇಟಾ ನಂಬಲು ತಕ್ಕದ್ದಲ್ಲ ಅಂತ ಒಟ್ಟಾಗಿ ಬರೆದು ಕೊಟ್ಟರು. ಗಡಿಯಾರದ ರಕ್ತ ಆರೋಪಿಯದ್ದಲ್ಲ ಅನ್ನುವುದಕ್ಕೆ ಈ ಪರೀಕ್ಷೆ ಸಾಕು, ಅದು ಆ ತಾಯಿಯದ್ದು ಅನ್ನುವುದಕ್ಕೆ ಸಾಲದು ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಕೊನೆಗೆ ಆರೋಪಿಯೇ ತಪ್ಪೊಪ್ಪಿಕೊಂಡ. ರಕ್ತ ಆಕೆಯದ್ದೇ ಆಗಿತ್ತು. ಪರೀಕ್ಷೆಯ ಪೇಪರು ತಿದ್ದಿದವರು ನೀವು, ನಿಮಗೆ ಗೊತ್ತು: ಉತ್ತರ ಸರಿ ಬಂದರೂ ಹಂತಗಳು ತಪ್ಪಿದ್ದರೆ ಅಂಕ ಕೊಡಲಾಗದು. ಮುಂದಿನ ಕೇಸಿನಲ್ಲಿ ಅದೇ ಹಂತ ಇನ್ನೊಬ್ಬ ನಿರಪರಾಧಿಯನ್ನು ಒಳಗೆ ಹಾಕುತ್ತದೆ. ಲ್ಯಾಬ್‌ಗಳಿಗೆ ಒಂದೇ ಥರದ ಅಳತೆಗೋಲು ಬೇಕು, ಡೇಟಾವನ್ನು ಎದುರು ಪಕ್ಷಕ್ಕೂ ಕೊಡಬೇಕು ಎಂಬ ನಿಯಮಗಳು ಬೇರು ಬಿಟ್ಟದ್ದು ಆ ಗಲಾಟೆಯಿಂದ. ಅದೇ ನ್ಯೂಫೆಲ್ಡ್ ಮತ್ತು ಅವರ ಜೊತೆಗಾರ ಬ್ಯಾರಿ ಶೆಕ್ 1992ರಲ್ಲಿ ನಿರಪರಾಧಿಗಳನ್ನು ಬಿಡಿಸಲು ಇನೊಸೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿದರು. ಸುಳ್ಳು ಆರೋಪದಲ್ಲಿ ಜೈಲು ಸೇರಿದ ನೂರಾರು ಜನ ಡಿಎನ್‌ಎ ಪರೀಕ್ಷೆಯಿಂದಲೇ ಹೊರಬಂದಿದ್ದಾರೆ. ಡಿಎನ್‌ಎ ಬಗ್ಗೆ ಅತಿ ಕಠಿಣ ಪ್ರಶ್ನೆ ಕೇಳಿದವರೇ ಅದನ್ನು ಅತಿ ಹೆಚ್ಚು ನಂಬಿ ಬಳಸಿದವರೂ ಆದರು.

ಅದೇ 1989ರಲ್ಲಿ ಅಮೆರಿಕದಲ್ಲಿ ಮನುಷ್ಯರ ಗುರುತು ಹಚ್ಚುವಿಕೆಯ ಅಂತರರಾಷ್ಟ್ರೀಯ ವಿಚಾರಗೋಷ್ಠಿ ಶುರುವಾಯಿತು. ಐಎಸ್‌ಎಚ್‌ಐ ಅಂತ ಎಲ್ಲರೂ ಕರೆಯುವುದು ಅದನ್ನೇ. ನಿಮ್ಮ ಮಗಳು ಹೇಳುತ್ತಿರುವುದೂ ಅದೇ ಇರಬೇಕು. ಪ್ರೊಮೆಗಾ ಎಂಬ ಕಿಟ್ ತಯಾರಿಸುವ ಕಂಪನಿ ಅದನ್ನು ನಡೆಸುತ್ತದೆ. ಇದು ನೆನಪಿರಲಿ. ಒಳ್ಳೆಯ ಸಮ್ಮೇಳನವೇ, ಆದರೆ ಹೊಸ ಕಿಟ್ ಹೊಗಳುವ ಭಾಷಣ ಕೇಳುವಾಗ ಕಿವಿ ಚುರುಕಾಗಿರಬೇಕು. ಇನ್ನೊಂದು ಅಂತರರಾಷ್ಟ್ರೀಯ ಫೊರೆನ್ಸಿಕ್ ಜೆನೆಟಿಕ್ಸ್ ಸಂಘ, ಐಎಸ್‌ಎಫ್‌ಜಿ. 1968ರಲ್ಲಿ ಜರ್ಮನಿಯಲ್ಲಿ ರಕ್ತದ ಗುಂಪು ನೋಡುವವರ ಸಂಘವಾಗಿ ಹುಟ್ಟಿದ್ದು. ಎರಡು ವರ್ಷಕ್ಕೊಮ್ಮೆ ಸೇರುತ್ತದೆ. ಲೆಕ್ಕ, ವಾದ, ತಿಕ್ಕಾಟ ಅಲ್ಲಿ ಜಾಸ್ತಿ. ನನಗೆ ಹೆಚ್ಚು ಇಷ್ಟ ಅದು.

ಈಗ ಸಂಖ್ಯೆಗಳ ವಿಷಯ. ಬೆರಕೆ ಅಥವಾ ಅರ್ಧಂಬರ್ಧ ಪ್ರೊಫೈಲ್ ಬಂದಾಗ ‘ಹತ್ತು ಲಕ್ಷದಲ್ಲಿ ಒಬ್ಬರಿಗೆ ಇಂಥದ್ದು ಇರುತ್ತದೆ’ ಅಂತ ವರದಿ ಬರಬಹುದು. ಕೇಳಿದವರು ‘ಹಾಗಾದರೆ ಇವನು ನಿರಪರಾಧಿ ಆಗಿರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು’ ಅಂದುಕೊಳ್ಳುತ್ತಾರೆ. ದೊಡ್ಡ ತಪ್ಪು. 2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಹತ್ತು ಲಕ್ಷಕ್ಕೆ ಒಬ್ಬರಂತೆ ನಮ್ಮ ರಾಜ್ಯದಲ್ಲೇ ಸುಮಾರು 61 ಜನ ಆ ಪ್ರೊಫೈಲಿಗೆ ಹೊಂದುತ್ತಾರೆ. ಬೇರೆ ಯಾವ ಸಾಕ್ಷಿಯೂ ಇಲ್ಲದಿದ್ದರೆ ಆರೋಪಿ ಆ 61 ಜನರಲ್ಲಿ ಒಬ್ಬ, ಅಷ್ಟೇ. ಬೇರೆ ಸಾಕ್ಷಿ ಇದ್ದರೆ ಚಿತ್ರ ಬದಲಾಗುತ್ತದೆ. ಆ ಸಾಕ್ಷಿಯನ್ನು ತೂಗುವುದು ನ್ಯಾಯಾಧೀಶರ ಕೆಲಸ, ಲ್ಯಾಬಿನದ್ದಲ್ಲ. ಅದಕ್ಕೇ ಈಗ ನಾವು ಹೀಗೆ ಹೇಳುತ್ತೇವೆ: ‘ಈ ಬೆರಕೆಯಲ್ಲಿ ಇವನ ಡಿಎನ್‌ಎ ಇದ್ದರೆ ಇಂಥ ಫಲಿತಾಂಶ ಬರುವ ಸಾಧ್ಯತೆ, ಇಲ್ಲದಿದ್ದರೆ ಬರುವ ಸಾಧ್ಯತೆಗಿಂತ ಇಷ್ಟು ಪಟ್ಟು ಹೆಚ್ಚು.’ ಕೇಳಲು ಸ್ವಲ್ಪ ತೊಡಕು. ಆದರೂ ಇದಕ್ಕಿಂತ ಒಂದು ಮಾತು ಹೆಚ್ಚಾದರೂ ಸುಳ್ಳಾಗುತ್ತದೆ.

ಇನ್ನೊಂದು ಪ್ರಶ್ನೆ ಈಚೆಗೆ ಸಮ್ಮೇಳನಗಳಲ್ಲಿ ಬಹಳ ಚರ್ಚೆಯಾಗುತ್ತಿದೆ. ಡಿಎನ್‌ಎ ಇವನದೇ ಸರಿ, ಆದರೆ ಅದು ಅಲ್ಲಿಗೆ ಹೇಗೆ ಬಂತು? 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದ ಒಬ್ಬರ ಉಗುರಿನಲ್ಲಿ ಒಬ್ಬ ಯುವಕನ ಡಿಎನ್‌ಎ ಸಿಕ್ಕಿತು. ಐದು ತಿಂಗಳಿಗೂ ಹೆಚ್ಚು ಕಾಲ ಅವನು ಜೈಲಿನಲ್ಲಿದ್ದ. ಆಮೇಲೆ ನೋಡಿದರೆ ಕೊಲೆಯಾದ ರಾತ್ರಿ ಅವನು ಕುಡಿದು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಆಂಬುಲೆನ್ಸಿನವರೇ ಆಮೇಲೆ ಕೊಲೆಯಾದ ಜಾಗಕ್ಕೂ ಹೋಗಿದ್ದರು. ನಾಡಿ ನೋಡಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ ಮೂಲಕ ಅವನ ಡಿಎನ್‌ಎ ಅಲ್ಲಿಗೆ ದಾಟಿರಬೇಕು. ಜರ್ಮನಿಯಲ್ಲಂತೂ ಹತ್ತಾರು ಅಪರಾಧ ಸ್ಥಳಗಳಲ್ಲಿ ಸಿಕ್ಕ ಒಬ್ಬ ‘ಅಜ್ಞಾತ ಹೆಂಗಸಿನ’ ಹಿಂದೆ ಪೊಲೀಸರು ವರ್ಷಗಟ್ಟಲೆ ಓಡಾಡಿದರು. ಆಕೆ ಸ್ಯಾಂಪಲ್ ತೆಗೆಯುವ ಹತ್ತಿಕಡ್ಡಿಯ ಕಾರ್ಖಾನೆಯ ಕೆಲಸಗಾರ್ತಿ ಎಂದು 2009ರಲ್ಲಿ ಗೊತ್ತಾಯಿತು. ಕ್ರಿಮಿ ಸತ್ತರೆ ಸಾಲದು, ಡಿಎನ್‌ಎಯೂ ಇರಬಾರದು ಎನ್ನುವ ಅಂತರರಾಷ್ಟ್ರೀಯ ಮಾನದಂಡ ಸ್ಯಾಂಪಲ್ ಸಾಮಗ್ರಿಗಳಿಗೆ ಬಂದದ್ದು ಅದರ ನಂತರವೇ.

ನಮ್ಮ ದೇಶದ ವಿಷಯಕ್ಕೆ ಬರೋಣ. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿ ವಿಜ್ಞಾನಿ ಲಾಲ್‌ಜಿ ಸಿಂಗ್ 1980ರ ದಶಕದ ಕೊನೆಯಲ್ಲೇ ಡಿಎನ್‌ಎ ಗುರುತಿನ ವಿಧಾನ ಕಟ್ಟಿದರು. ಅದರ ಮೂಲ ಒಂದು ವಿಷದ ಹಾವಿನ ಡಿಎನ್‌ಎ ಮೇಲೆ ಅವರು ಮಾಡಿದ್ದ ಸಂಶೋಧನೆ. ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ 1984ರಲ್ಲಿ ಮೊದಲ ಡಿಎನ್‌ಎ ಬೆರಳಚ್ಚು ಕಂಡ ಕೆಲವೇ ವರ್ಷಗಳಲ್ಲಿ ನಾವು ನಮ್ಮದೇ ದಾರಿ ಮಾಡಿಕೊಂಡಿದ್ದೆವು. ಇದು ಹೆಮ್ಮೆಯ ವಿಷಯ. ಆದರೆ ಸ್ಯಾಂಪಲ್ ಜೋಪಾನ ಮಾಡುವುದರಲ್ಲಿ ನಾವು ಹಿಂದೆ ಬಿದ್ದೆವು. 2022ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಅತ್ಯಾಚಾರ ಮತ್ತು ಕೊಲೆ ಕೇಸಿನಲ್ಲಿ ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು ಬಿಡುಗಡೆ ಮಾಡಿತು. ಸ್ಯಾಂಪಲ್‌ಗಳು ಹತ್ತು ದಿನಕ್ಕೂ ಹೆಚ್ಚು ಕಾಲ ಠಾಣೆಯ ಮಾಲ್‌ಖಾನೆಯಲ್ಲೇ, ಅಂದರೆ ವಶಪಡಿಸಿಕೊಂಡ ಸಾಮಾನು ಇಡುವ ಕೋಣೆಯಲ್ಲೇ ಇದ್ದವು ಎನ್ನುವುದು ಕಾರಣಗಳಲ್ಲಿ ಒಂದು. ಡಿಎನ್‌ಎ ವರದಿಯ ಒಳಗಿನ ಆಧಾರವನ್ನು ಕೆಳಗಿನ ಕೋರ್ಟುಗಳು ಪರಿಶೀಲಿಸಲೇ ಇಲ್ಲ ಎಂದೂ ಅದು ಹೇಳಿತು. 2025ರ ಜುಲೈನಲ್ಲಿ ಬೇರೊಂದು ತೀರ್ಪಿನಲ್ಲಿ ಸ್ಯಾಂಪಲ್ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ರಿಜಿಸ್ಟರ್ ಇಡಬೇಕು ಎಂದು ಆದೇಶಿಸಿತು. ಇದು ಎಂದೋ ಆಗಬೇಕಿದ್ದ ಕೆಲಸ.

ಅಪರಾಧದ ಮಾತು ಸಾಕು. ಸತ್ತವರನ್ನು ಗುರುತಿಸಿ ಮನೆಗೆ ತಲುಪಿಸುವುದು ಈ ವಿಜ್ಞಾನದಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಭಾಗ. 2010ರ ಮೇ 22 ನೆನಪಿದೆ ಅಲ್ವಾ? ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಜನ. ಸುಟ್ಟುಹೋದ ದೇಹಗಳಲ್ಲಿ ಹೆಚ್ಚಿನವನ್ನು ಮೊದಲ ದಿನಗಳಲ್ಲೇ ಬಟ್ಟೆ, ಒಡವೆ, ಮೈಕಟ್ಟು ನೋಡಿ ಮನೆಯವರು ಗುರುತಿಸಿ ಒಯ್ದರು. ಉಳಿದವುಗಳ ಸ್ಯಾಂಪಲ್ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರ ಸಿಡಿಎಫ್‌ಡಿಗೆ ಹೋಯಿತು. ಅದರಲ್ಲಿ 12 ದೇಹಗಳು ಕಾದು ನಿಂತಿದ್ದ ಯಾವ ಮನೆಯ ರಕ್ತಕ್ಕೂ ಹೊಂದಲಿಲ್ಲ. ಅವನ್ನು ಮಂಗಳೂರಿನಲ್ಲೇ ಮಣ್ಣು ಮಾಡಬೇಕಾಯಿತು. ಡಿಎನ್‌ಎ ಸೋತಿತು ಅಂತ ಜನ ಅಂದುಕೊಂಡರು. ಹಾಗಲ್ಲ. ದೇಹವೂ ಇದೆ, ಕಾಯುವ ಮನೆಯೂ ಇದೆ, ಆದರೂ ಹೊಂದುವುದಿಲ್ಲ ಅಂದರೆ ಮೊದಲೇ ಒಯ್ದ ದೇಹಗಳಲ್ಲಿ ಕೆಲವು ಅದಲುಬದಲಾಗಿವೆ ಎಂದೇ ಅರ್ಥ. ಒಂದು ಮನೆ ತಪ್ಪು ದೇಹ ಒಯ್ದರೆ ಇನ್ನೊಂದು ಮನೆಗೆ ದೇಹವೇ ಇಲ್ಲವಾಗುತ್ತದೆ. ಅಂತ್ಯಕ್ರಿಯೆ ಮುಗಿದ ಮೇಲೆ ಸರಿಪಡಿಸಲು ದಾರಿ ಇಲ್ಲ. ದುಃಖದಲ್ಲಿರುವ ಕಣ್ಣು ತನ್ನವರನ್ನು ಕಾಣಲು ಹಂಬಲಿಸುತ್ತದೆ. ಆ ಮನೆಯವರನ್ನು ದೂರುವಂತಿಲ್ಲ. ‘ಇನ್ನೆರಡು ವಾರ ಕಾಯಿರಿ’ ಅಂತ ಅವರಿಗೆ ಹೇಳುವ ಗಟ್ಟಿತನ ವ್ಯವಸ್ಥೆಗೆ ಬೇಕು.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ ಆ ಗಟ್ಟಿತನ ಕಂಡಿತು. ಸತ್ತ 260 ಜನರಲ್ಲಿ 254 ಮಂದಿಯನ್ನು ಡಿಎನ್‌ಎ ಮೂಲಕ ಗುರುತಿಸಿದರು, ಆರು ಜನರನ್ನು ಮಾತ್ರ ಮುಖ ನೋಡಿ. ಎರಡು ವಾರ ದಾಟುವಷ್ಟರಲ್ಲಿ ಆ ಕೆಲಸ ಮುಗಿದಿತ್ತು. ಇದಕ್ಕಿಂತ ಕಷ್ಟದವೂ ಇವೆ. ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ 2001ರಲ್ಲಿ ಸತ್ತ 2,753 ಜನರಲ್ಲಿ ಇವತ್ತಿಗೂ 1,100ರಷ್ಟು ಜನರ ಗುರುತು ಸಿಕ್ಕಿಲ್ಲ. ಬೆಂಕಿ, ನೀರು, ವಿಮಾನದ ಇಂಧನಕ್ಕೆ ಸಿಕ್ಕ ಮೂಳೆ ಚೂರುಗಳಲ್ಲಿ ಡಿಎನ್‌ಎ ಉಳಿದಿರುವುದೇ ಅಷ್ಟು ಕಮ್ಮಿ. ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ 1995ರಲ್ಲಿ ಕೊಂದ ಸುಮಾರು 8,000 ಜನರನ್ನು ಹೂತ ಗುಂಡಿಗಳನ್ನು ಆಮೇಲೆ ಯಂತ್ರದಿಂದ ಬಗೆದು ಬೇರೆಡೆ ಸುರಿದಿದ್ದರು. ಒಬ್ಬನ ಮೂಳೆಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. ಆದರೂ ಸುಮಾರು 7,000 ಜನರಿಗೆ ಹೆಸರು ಮರಳಿ ಸಿಕ್ಕಿದೆ. ಸಮ್ಮೇಳನಗಳಲ್ಲಿ ಇಂಥ ಭಾಷಣಗಳನ್ನು ನಿಮ್ಮ ಮಗಳು ತಪ್ಪಿಸಿಕೊಳ್ಳಬಾರದು. ಹಳೆ ಮೂಳೆಯಿಂದ ಡಿಎನ್‌ಎ ತೆಗೆಯುವ ಕೈಚಳಕವನ್ನು ಇವರಿಂದಲೇ ಕಲಿಯಬೇಕು.

ಇಲ್ಲಿಂದಲೇ ಅವಳು ಒಯ್ಯಬೇಕಾದ ಕೆಲಸ ಹುಟ್ಟುತ್ತದೆ. ದುರಂತದಲ್ಲಿ ಸತ್ತವರ ಹಳೆಯ ಸ್ಯಾಂಪಲ್ ಸಾಮಾನ್ಯವಾಗಿ ಇರುವುದಿಲ್ಲ. ನೆಂಟರ ರಕ್ತದ ಜೊತೆ ಹೋಲಿಸಬೇಕು. ಅಪ್ಪ ಅಮ್ಮ ಇಬ್ಬರೂ ಇದ್ದರೆ ಲೆಕ್ಕ ಸುಲಭ, ಮಕ್ಕಳಿದ್ದರೂ ಪರವಾಗಿಲ್ಲ. ಬರೀ ಒಬ್ಬ ಅಣ್ಣನೋ ಚಿಕ್ಕಪ್ಪನೋ ಉಳಿದಿದ್ದರೆ ಕಷ್ಟ. ರಜೆಗೆ ಹೊರಟ ಇಡೀ ಸಂಸಾರ ಒಂದೇ ವಿಮಾನದಲ್ಲಿ ಹೋದಾಗ ಹೀಗೇ ಆಗುತ್ತದೆ. ಈ ಲೆಕ್ಕದಲ್ಲಿ ಪಾಶ್ಚಾತ್ಯ ದೇಶಗಳವರು ಒಂದು ವಿಷಯವನ್ನು ಸಹಜ ಎಂದು ಹಿಡಿದುಕೊಳ್ಳುತ್ತಾರೆ. ಅಪ್ಪ ಅಮ್ಮ ಇಬ್ಬರ ನಡುವೆ ರಕ್ತಸಂಬಂಧ ಇಲ್ಲ ಎಂದು. ನಮ್ಮಲ್ಲಿ ಹಾಗಿಲ್ಲ. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ಅಧ್ಯಯನದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳ ತಂದೆ ತಾಯಿ ರಕ್ತಸಂಬಂಧಿಗಳಾಗಿದ್ದರು.

ಸೋದರಮಾವನನ್ನು ಮದುವೆಯಾದ ಹೆಣ್ಣಿನ ಮಗುವಿಗೆ ಅಪ್ಪನೇ ಅಮ್ಮನ ಮಾವನೂ ಹೌದು. ಅಪ್ಪ ಅಮ್ಮನಲ್ಲಿ ಒಂದೇ ಸಂಖ್ಯೆಗಳು ಸಿಗುವುದು ಮಾಮೂಲಿಗಿಂತ ಜಾಸ್ತಿ. ಅಂಥ ಮನೆಯ ಅಣ್ಣತಮ್ಮಂದಿರು ಬೇರೆಯವರಿಗಿಂತ ಜಾಸ್ತಿ ಹೋಲುತ್ತಾರೆ. ಚಿಕ್ಕಪ್ಪನೂ ಅಪ್ಪನ ಹಾಗೇ ಕಾಣಬಹುದು. ಸಂಬಂಧ ತಿಳಿಸದೆ ಮಾಮೂಲಿ ಸೂತ್ರ ಹಾಕಿದರೆ ಬರುವ ಸಂಖ್ಯೆ ದಾರಿ ತಪ್ಪಿಸುತ್ತದೆ. ಒಳಜಾತಿಯಲ್ಲೇ ಮದುವೆಯಾಗುವ ಸಮುದಾಯಗಳಲ್ಲೂ ಸಣ್ಣ ಮಟ್ಟಿಗೆ ಇದೇ ಸಮಸ್ಯೆ. ಅದಕ್ಕೆ ಥೀಟಾ ಎಂಬ ತಿದ್ದುಪಡಿ ಇದೆ. ಸಾಮಾನ್ಯವಾಗಿ 0.01 ಹಾಕುತ್ತಾರೆ, ಚಿಕ್ಕ ಸಮುದಾಯಕ್ಕೆ 0.03. ನಮ್ಮ ಸಮುದಾಯಗಳಿಗೆ ಯಾವುದು ಸರಿ? ಇದನ್ನು ನಾವೇ ಲೆಕ್ಕ ಹಾಕಿ ತೋರಿಸಬೇಕು.

ಇದಕ್ಕೆ ದುಬಾರಿ ಲ್ಯಾಬ್ ಬೇಕಾಗಿಲ್ಲ, ಯಾರ ರಕ್ತವೂ ಬೇಕಾಗಿಲ್ಲ. ಪ್ರಕಟವಾಗಿರುವ ಭಾರತೀಯ ಎಸ್‌ಟಿಆರ್ ದತ್ತಾಂಶ ತೆಗೆದುಕೊಳ್ಳಲಿ. ಫ್ಯಾಮಿಲಿಯಾಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ವಂಶವೃಕ್ಷ ಬರೆದು ಸಾವಿರಾರು ಕಾಲ್ಪನಿಕ ಕುಟುಂಬ ಸೃಷ್ಟಿಸಬಹುದು. ಒಂದು ಕಡೆ ಸಂಬಂಧವಿಲ್ಲದ ಅಪ್ಪ ಅಮ್ಮ, ಇನ್ನೊಂದು ಕಡೆ ಸೋದರಮಾವನನ್ನು ಮದುವೆಯಾದ ತಾಯಿ. ಎರಡರಲ್ಲೂ ಅಣ್ಣನನ್ನು ಗುರುತಿಸುವ ಲೆಕ್ಕ ಮಾಡಲಿ. ಸಂಬಂಧ ತಿಳಿಸಿದಾಗ ಎಷ್ಟು, ತಿಳಿಸದಿದ್ದಾಗ ಎಷ್ಟು, ಯಾರು ಯಾರನ್ನು ತಪ್ಪಾಗಿ ಗುರುತಿಸಿದಂತಾಯಿತು ಎಂದು ಒಂದು ಕೋಷ್ಟಕ ಮಾಡಲಿ. 20 ಜಾಗದ ಬದಲು 24 ಜಾಗ ನೋಡಿದರೆ ಎಷ್ಟು ಸುಧಾರಿಸುತ್ತದೆ ಎಂದೂ ನೋಡಲಿ. ಚೊಕ್ಕ ಪೋಸ್ಟರ್ ಆಗುತ್ತದೆ, ಅಂದರೆ ಸಮ್ಮೇಳನದಲ್ಲಿ ತೂಗುಹಾಕಿ ಬಂದವರಿಗೆ ವಿವರಿಸುವ ದೊಡ್ಡ ಹಾಳೆ. ಅಲ್ಲಿನ ದೊಡ್ಡವರೇ ನಿಂತು ಓದುತ್ತಾರೆ. ಅವರಿಗೆ ಈ ಮದುವೆಗಳ ಪರಿಚಯ ಕಮ್ಮಿ, ನಮಗೆ ಮನೆಮಾತು.

ಖರ್ಚಿನ ಬಗ್ಗೆ ಇಷ್ಟು ಹೇಳಬಲ್ಲೆ. ಮೊದಲು ನಮ್ಮಲ್ಲೇ ನಡೆಯುವ ಅಖಿಲ ಭಾರತ ಫೊರೆನ್ಸಿಕ್ ಸೈನ್ಸ್ ಸಮ್ಮೇಳನದಲ್ಲಿ ಇದನ್ನು ತೋರಿಸಲಿ. ರೈಲಿನಲ್ಲಿ ಹೋಗಿ ಬರಬಹುದು. ಅಲ್ಲಿ ಬಂದ ಪ್ರಶ್ನೆಗಳನ್ನು ಸರಿಮಾಡಿಕೊಂಡು ಆಮೇಲೆ ಹೊರದೇಶಕ್ಕೆ ಅರ್ಜಿ ಹಾಕಲಿ. ಪೋಸ್ಟರ್ ಒಪ್ಪಿಗೆಯಾದರೆ ಕಾಲೇಜಿನವರ ಹತ್ತಿರವೂ ಸಮ್ಮೇಳನ ನಡೆಸುವವರ ಹತ್ತಿರವೂ ವಿದ್ಯಾರ್ಥಿ ನೆರವು ಕೇಳಲು ಒಂದು ಆಧಾರ ಸಿಗುತ್ತದೆ. ವೀಸಾಕ್ಕೆ ಆಹ್ವಾನ ಪತ್ರ ಬೇಗ ಕೇಳಬೇಕು. ಮುಖ್ಯ ಭಾಷಣಗಳಿಗಿಂತ ಜೊತೆಗೆ ನಡೆಯುವ ಕಾರ್ಯಾಗಾರಗಳಿಗೆ ದುಡ್ಡು ಹಾಕುವುದು ಮೇಲು. ಬೆರಕೆ ಸ್ಯಾಂಪಲ್ ಲೆಕ್ಕದ್ದು ಒಂದು, ರಕ್ತಸಂಬಂಧದ ಲೆಕ್ಕದ್ದು ಒಂದು, ಎರಡು ಸಾಕು. ಹಿಂದಿನ ಸಮ್ಮೇಳನಗಳ ಪ್ರಬಂಧಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಹೋಗುವ ಮೊದಲು ಓದಿಕೊಂಡಿರಲಿ.

ಪೋಸ್ಟರಿನ ಕರಡು ಸಿದ್ಧವಾದ ಮೇಲೆ ಒಂದು ಪ್ರತಿ ನನಗೆ ಕಳಿಸಲು ಹೇಳಿ. ಲೆಕ್ಕದ ಭಾಗವನ್ನು ನಾನು ಕೂತು ನೋಡಿಕೊಡುತ್ತೇನೆ.